ಹುಚ್ಚೆಳ್ಳು ಕೆಳಗಿಳಿಯಲಿಲ್ಲ: ಎಣ್ಣೆ ಮಿಲ್ಲು ಹಾಕಿದ ನಮ್ಮ ಒಂದು ವರ್ಷ

ಕಳೆದ ಸೋಮವಾರ ನಮ್ಮ ಮಿಲ್ಲಿನಿಂದ ಲೇಬಲ್ ಹಚ್ಚಿದ 40 ಬಾಟಲಿ ಹುಚ್ಚೆಳ್ಳೆಣ್ಣೆ ಹಾಸನದ ಒಂದು ಅಂಗಡಿಗೆ ಹೋಯಿತು. ಹೋದ ಯುಗಾದಿಗೆ ಕೈ ಹಾಕಿದ ಕೆಲಸ. ಈ ಯುಗಾದಿಗೆ ಇನ್ನು ಹತ್ತು ದಿನ ಇದೆ ಅನ್ನುವಾಗ ದಡ ಸೇರಿತು. ಸಣ್ಣ ಎಣ್ಣೆ ಮಿಲ್ಲು, ರಾಗಿ ಕ್ಲೀನಿಂಗ್ ಹಾಕಬೇಕು ಅಂತ ಓಡಾಡುತ್ತಿರುವವರು ನಮ್ಮ ಕಡೆ ತುಂಬಾ ಜನ ಇದ್ದಾರೆ. ನಾವು ಎಲ್ಲೆಲ್ಲಿ ಸಿಕ್ಕಿಹಾಕಿಕೊಂಡೆವು ಅನ್ನುವುದು ನೆನಪಲ್ಲಿ ಹಸಿಯಾಗಿರುವಾಗಲೇ ಬರೆದುಬಿಡೋಣ ಅಂತ ಕೂತಿದ್ದೇನೆ.

ನಮ್ಮದು ಹಾಸನ ತಾಲ್ಲೂಕಿನ ಒಂದು ಸಣ್ಣ ಊರು. ರಾಗಿ ಹೊಲದಲ್ಲಿ ನಡುನಡುವೆ ಬಿಡುವ ಅಕ್ಕಡಿ ಸಾಲಿಗೆ ಹುಚ್ಚೆಳ್ಳು, ಅವರೆ ಹಾಕುವುದು ಮೊದಲಿಂದ ಬಂದ ರೂಢಿ. ಒಂದೊಂದು ಮನೆಗೆ 30–40 ಕೆಜಿ ಹುಚ್ಚೆಳ್ಳು ಆಗುತ್ತದೆ. ಚಟ್ನಿಪುಡಿಗೆ ಎರಡು ಸೇರು ಇಟ್ಟುಕೊಂಡು, ಉಳಿದದ್ದನ್ನು ಸಂತೆಯಲ್ಲಿ ಕೇಳಿದ ಬೆಲೆಗೆ ಕೊಟ್ಟು ಬರುತ್ತಾರೆ. ಅದನ್ನು ಇಲ್ಲೇ ಅರೆದರೆ ಎಣ್ಣೆ ನಮಗೆ, ಹಿಂಡಿ ಹಸುವಿಗೆ. ಇಷ್ಟೇ ನನ್ನ ಯೋಚನೆ. ಜೊತೆಗೆ ರಾಗಿ ಕ್ಲೀನ್ ಮಾಡುವ ಮೆಷಿನ್ ಇದ್ದರೆ ವರ್ಷವಿಡೀ ಕೆಲಸ ಇರುತ್ತದೆ ಅಂತ ನಮ್ಮನೆಯವರು ಹೇಳಿದರು.

ಏಪ್ರಿಲ್‌ನಲ್ಲಿ ಮೆಷಿನ್ ನೋಡಲು ಹೋದೆವು. ಅಂಗಡಿಯವರು ನಮ್ಮ ಕಣ್ಣೆದುರೇ ಎಕ್ಸ್‌ಪೆಲ್ಲರ್‌ಗೆ, ಅಂದರೆ ಎಣ್ಣೆ ಹಿಂಡುವ ಮೆಷಿನ್‌ಗೆ, ಕಡಲೆಬೀಜ ಸುರಿದರು. ಐದು ನಿಮಿಷಕ್ಕೆ ಎಣ್ಣೆ ಧಾರೆ ಕಟ್ಟಿತು. ಹಿಂಡಿ ಹಪ್ಪಳದ ಹಾಗೆ ತೆಳ್ಳಗೆ, ಗರಿಗರಿಯಾಗಿ ಬಂತು. ಗಂಟೆಗೆ 45 ಕೆಜಿ ಅಂದರು. ನಮಗೆ ಖುಷಿಯೋ ಖುಷಿ. ‘ಹುಚ್ಚೆಳ್ಳು ಆಗುತ್ತಾ?’ ಅಂತ ಕೇಳಿದೆ. ‘ಎಲ್ಲಾ ಆಗುತ್ತಮ್ಮಾ’ ಅಂದರು. ಆ ಮಾತು ನಂಬಿ ನಾನು ಸುಮ್ಮನಾಗಬಾರದಿತ್ತು. ನೀವು ಹೋಗುವಾಗ ಅರೆಯಬೇಕು ಅಂದುಕೊಂಡಿರುವ ಬೀಜವನ್ನೇ 10 ಕೆಜಿ ಚೀಲದಲ್ಲಿ ಕಟ್ಟಿಕೊಂಡು ಹೋಗಿ. ಅದನ್ನೇ ಹಾಕಿಸಿ ನೋಡಿ.

ಆಮೇಲೆ ಕಾಗದ ಪತ್ರದ ಕಾಲ. ನಾವು ಅರ್ಜಿ ಹಾಕುವಾಗ ಕಿರು ಆಹಾರ ಸಂಸ್ಕರಣೆಗೆ ಕೇಂದ್ರದ ಯೋಜನೆ ಇತ್ತು, 2020ರಲ್ಲಿ ಶುರುವಾದದ್ದು. ಜನ ಅದನ್ನು ಪಿಎಂಎಫ್‌ಎಂಇ ಅನ್ನುತ್ತಾರೆ. ಆಗ ಯೋಜನೆಯ ಸಹಾಯಧನ ಶೇ. 35, ಅದರ ಮೇಲೆ ನಮ್ಮ ರಾಜ್ಯ ಹೆಚ್ಚುವರಿಯಾಗಿ ಕೊಡುತ್ತಿದ್ದದ್ದು ಶೇ. 15. ನಮ್ಮ ಯೋಜನೆ ಒಟ್ಟು 6,40,000 ರೂಪಾಯಿ: ಎಕ್ಸ್‌ಪೆಲ್ಲರ್ ಮೋಟಾರ್ ಸಮೇತ 2,35,000, ಕಲ್ಲು ತೆಗೆಯುವ ಮೆಷಿನ್ ಸೇರಿದ ರಾಗಿ ಕ್ಲೀನರ್ 2,10,000, ಎಣ್ಣೆ ಸೋಸುವ ಫಿಲ್ಟರ್ 60,000, ವೈರಿಂಗ್ ಮತ್ತು ಪ್ಯಾನೆಲ್ 45,000, ಶೆಡ್ಡಿನ ನೆಲ ಗೋಡೆಗೆ 90,000. ಶೇ. 10 ನಮ್ಮ ಕೈಯಿಂದ, ಅಂದರೆ 64,000. ಅದಕ್ಕೆ ನನ್ನ ಎರಡು ಬಳೆ ಬ್ಯಾಂಕಿಗೆ ಹೋದವು.

ಒಂದು ವಿಷಯ ಮೊದಲೇ ತಿಳಿದಿರಲಿ. ಸಹಾಯಧನ ಕೈಗೆ ಬರುವ ದುಡ್ಡಲ್ಲ. ಅದು ಸಾಲದ ಖಾತೆಯ ಪಕ್ಕದಲ್ಲೇ ಕೂತಿರುತ್ತದೆ. ಮೂರು ವರ್ಷ ಮಿಲ್ಲು ನಡೆದು ಕಂತು ಸರಿಯಾಗಿ ಕಟ್ಟಿದ್ದರೆ ಸಾಲಕ್ಕೆ ಜಮೆ ಆಗುತ್ತದೆ. ಆ ದುಡ್ಡನ್ನು ನಂಬಿ ಯಾರಿಗೂ ಮಾತು ಕೊಡಬೇಡಿ.

ಸಣ್ಣ ಉದ್ದಿಮೆಗಳಿಗೆ ಇರುವ ಉದ್ಯಮ್ ನೋಂದಣಿ ಆಧಾರ್, ಪ್ಯಾನ್ ಇಟ್ಟುಕೊಂಡು ಮನೆಯಲ್ಲೇ ಅರ್ಧ ಗಂಟೆಯಲ್ಲಿ ಆಯಿತು. ಅದು ಪೂರ್ತಿ ಉಚಿತ. ಯಾರಾದರೂ ದುಡ್ಡು ಕೇಳಿದರೆ ಎದ್ದು ಬನ್ನಿ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿಗೆ ನಾನು ಮಾಡಿಸುವಾಗ ವರ್ಷಕ್ಕೆ 100 ರೂಪಾಯಿ, 12 ಲಕ್ಷದೊಳಗಿನ ವಹಿವಾಟಿಗೆ. ಎಣ್ಣೆಯನ್ನು ಬಿಡಿಯಾಗಿ ಅಳೆದು ಮಾರುವ ಹಾಗಿಲ್ಲ, ಪ್ಯಾಕ್ ಮಾಡಿ ಲೇಬಲ್ ಹಚ್ಚಿಯೇ ಮಾರಬೇಕು. ನಮ್ಮನ್ನು ಸುಸ್ತು ಮಾಡಿದ್ದು ಶೆಡ್ಡಿನ ಕಾಗದ. ಜಾಗ ಇನ್ನೂ ಮಾವನವರ ಹೆಸರಲ್ಲಿತ್ತು. ಅವರು ತೀರಿಕೊಂಡು ಆರು ವರ್ಷವಾಗಿದೆ. ವಂಶವೃಕ್ಷ ಮಾಡಿಸಿ, ಖಾತೆ ಬದಲಾಗಿ, ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11 ಕೈಗೆ ಬರುವಷ್ಟರಲ್ಲಿ 47 ದಿನ ಹೋಯಿತು. ಸಾಲ ಕೇಳುವ ಮೊದಲೇ ಈ ಒಂದು ಕೆಲಸ ಮುಗಿಸಿಕೊಳ್ಳಿ.

ಕರೆಂಟಿನ ವಿಷಯಕ್ಕೂ ಒಂದು ಮಾತು. ತೋಟದ ಪಂಪ್‌ಸೆಟ್ ಲೈನಿನಲ್ಲಿ ಮಿಲ್ಲು ನಡೆಸಲು ಆಗುವುದಿಲ್ಲ. ಅಲ್ಲಿ ತ್ರೀ ಫೇಸ್ ಬರುವುದು ದಿನಕ್ಕೆ ಕೆಲವೇ ಗಂಟೆ. ಊರಿಗೆ ದಿನವಿಡೀ ಕರೆಂಟ್ ಕೊಡುವ ನಿರಂತರ ಜ್ಯೋತಿ ಲೈನ್ ನಿಮ್ಮ ಶೆಡ್ಡಿನ ಹತ್ತಿರ ಇದೆಯಾ ಅಂತ ನೋಡಿಯೇ ಜಾಗ ಆರಿಸಿ. ಎಕ್ಸ್‌ಪೆಲ್ಲರ್ ಓಡುವಾಗ ಕರೆಂಟ್ ಹೋದರೆ ಒಳಗಿನ ಹಿಂಡಿ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಬೀಜ ಅರೆಯುವ ಕೊಳವೆಯನ್ನು, ಅಂದರೆ ಬ್ಯಾರೆಲ್ಲನ್ನು, ಬಿಚ್ಚಿ ಉಳಿಯಿಂದ ಕೆರೆಯಬೇಕು. ನಮಗೆ ಎರಡು ಸಲ ಆಗಿದೆ, ಎರಡು ಸಲವೂ ಅರ್ಧ ದಿನ ಹಾಳು.

ಬ್ಯಾಂಕಿನಲ್ಲಿ ಜೂನ್ ಕೊನೆಗೆ ಕರೆದರು. ಮ್ಯಾನೇಜರ್ ಯೋಜನಾ ವರದಿ ತಿರುವಿ ಹಾಕಿ, ‘ಎಲ್ಲಾ ಬೀಜಕ್ಕೂ ಶೇ. 40 ಎಣ್ಣೆ ಅಂತ ಬರೆದಿದ್ದೀರಲ್ಲ, ಗಂಟೆಗೆ 45 ಕೆಜಿ ಅಂತಲೂ ಇದೆ. ಇದು ನಿಮ್ಮ ಬೀಜದ ಲೆಕ್ಕವಾ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ವರದಿ ಮಾಡಿಕೊಟ್ಟವರು ಬೇರೆ ಯಾವುದೋ ಕಡಲೆಕಾಯಿ ಮಿಲ್ಲಿನ ಅಂಕಿ ಹಾಕಿದ್ದರು. ಆ ದಿನ ತುಂಬಾ ಅವಮಾನ ಅನ್ನಿಸಿತು. ಈಗ ಯೋಚಿಸಿದರೆ ಇಡೀ ವರ್ಷದಲ್ಲಿ ಯಾರಾದರೂ ನನ್ನನ್ನು ಕೇಳಿದ ಸರಿಯಾದ ಪ್ರಶ್ನೆ ಅದೊಂದೇ. ಅಂಕಿ ಇಳಿಸಿ ಬರೆದು ಕೊಟ್ಟೆವು. ಜುಲೈ ಕೊನೆಗೆ ಸಾಲ ಮಂಜೂರಾಯಿತು.

ವರಮಹಾಲಕ್ಷ್ಮಿ ಹಬ್ಬ ಕಳೆದು ನಾಲ್ಕನೇ ದಿನ ಮೆಷಿನ್ ಬಂತು. ಕುಂಕುಮ ಹಚ್ಚಿ, ಕಾಯಿ ಒಡೆದು, ಊರವರನ್ನೆಲ್ಲ ಕರೆದು ಸ್ವಿಚ್ ಹಾಕಿದೆವು. ಮೇಲೆ ಬೀಜ ಹಾಕುವ ತಗಡಿನ ಬಾಯಿ, ಅದಕ್ಕೆ ಹಾಪರ್ ಅನ್ನುತ್ತಾರೆ, ಅದಕ್ಕೆ ಹುಚ್ಚೆಳ್ಳು ಸುರಿದೆ. ಎರಡು ನಿಮಿಷ ಸರಿಯಾಗಿ ಇಳಿಯಿತು. ಆಮೇಲೆ ನಿಂತುಹೋಯಿತು. ಮೇಲಿಂದ ನೋಡಿದರೆ ನಡುವೆ ಬಾವಿಯ ಹಾಗೆ ತೂತು, ನಾಲ್ಕೂ ಮೂಲೆಯಲ್ಲಿ ಬೀಜ ಗೋಡೆ ಹಿಡಿದ ಹಾಗೆ ನಿಂತಿದೆ. ಕೋಲು ಹಾಕಿ ತಿವಿದರೆ ದಬಕ್ಕನೆ ಬೀಳುತ್ತದೆ, ಮತ್ತೆ ನಿಲ್ಲುತ್ತದೆ. ಎಣ್ಣೆ ಬಂತು, ಆದರೆ ಕಪ್ಪು ಮಡ್ಡಿ ತುಂಬಿಕೊಂಡು. ಹಿಂಡಿ ಹಪ್ಪಳದ ಹಾಗೆ ಬರಲಿಲ್ಲ, ಮೆತ್ತಗೆ ಹಸಿ ಸಗಣಿಯ ಹಾಗೆ ಬಂತು. ಸಂಜೆ ತೂಕ ಹಾಕಿದರೆ 100 ಕೆಜಿ ಬೀಜಕ್ಕೆ 24 ಕೆಜಿ ಎಣ್ಣೆ. ಗಂಟೆಗೆ 45 ಅಂದದ್ದು 20ನ್ನೂ ಮುಟ್ಟಲಿಲ್ಲ.

ಬಂದವರು ಏನೂ ಅನ್ನಲಿಲ್ಲ. ಸುಮ್ನೆ ತಾಂಬೂಲ ತಗೊಂಡು ಹೋದರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮಾರಿದವರಿಗೆ ಫೋನ್ ಮಾಡಿದರೆ ‘ಮೆಷಿನ್ ಸರಿ ಇದೆ, ನಿಮ್ಮ ಬೀಜ ಸರಿ ಇಲ್ಲ’ ಅಂದರು. ಸಿಟ್ಟು ಬಂತು. ಆದರೆ ಬೀಜವನ್ನು ನೋಡಬೇಕು ಅನ್ನುವುದು ಮನಸ್ಸಲ್ಲಿ ಕೂತಿತು.

ಗೌರಿ ಹಬ್ಬಕ್ಕೆ ಅಣ್ಣನ ಮಗಳು ಬಂದಳು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ (ಜಿಕೆವಿಕೆ) ಕೃಷಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ‘ಅತ್ತೆ, ಒಂದು ತಳ ಇಲ್ಲದ ಡಬ್ಬ ಕೊಡಿ, ಒಂದು ಸ್ಕೇಲು ಕೊಡಿ’ ಅಂದಳು. ಹಳೇ ಹಾಲಿನಪುಡಿ ಡಬ್ಬದ ತಳ ಕತ್ತರಿಸಿ ಕೊಟ್ಟೆ. ಅದನ್ನು ನೆಲದ ಮೇಲೆ ನೆಟ್ಟಗೆ ಇಟ್ಟು, ಹುಚ್ಚೆಳ್ಳು ತುಂಬಿ, ಡಬ್ಬವನ್ನು ನಿಧಾನಕ್ಕೆ ಮೇಲೆತ್ತಿದಳು. ಬೀಜ ಜಾರಿ ಒಂದು ಸಣ್ಣ ರಾಶಿ ಆಯಿತು. ರಾಶಿಯ ಅಗಲ 16 ಸೆಂ.ಮೀ., ಎತ್ತರ 6.2 ಸೆಂ.ಮೀ. ಫೋನಿನಲ್ಲಿ ಲೆಕ್ಕ ಹಾಕಿ ‘38 ಡಿಗ್ರಿ’ ಅಂದಳು. ಬೀಜ ತಾನಾಗಿ ನಿಲ್ಲುವ ಇಳಿಜಾರು ಅದು. ಹಾಪರ್‌ನ ಇಳಿಜಾರು ಅದಕ್ಕಿಂತ ಚೆನ್ನಾಗಿ ಕಡಿದಾಗಿದ್ದರೆ ಮಾತ್ರ ಬೀಜ ಜಾರುತ್ತದೆ.

ಹಾಪರ್ ಅಳೆದೆವು. ನಾಲ್ಕೂ ಪಕ್ಕದ ತಗಡು 45 ಡಿಗ್ರಿ ಇತ್ತು. ಹಾಗಾದರೆ ಸರಿ ಇದೆಯಲ್ಲ ಅಂದೆ. ಅವಳು ಮೂಲೆ ತೋರಿಸಿದಳು. ಚೌಕದ ಹಾಪರ್‌ನಲ್ಲಿ ಎರಡು ತಗಡು ಕೂಡುವ ಮೂಲೆಯ ಗೆರೆ ಪಕ್ಕದಷ್ಟು ಕಡಿದಾಗಿ ಇರುವುದಿಲ್ಲ. ಪಕ್ಕ 45 ಇದ್ದರೆ ಮೂಲೆ ಬರೀ 35. ಬೀಜ 38ರಲ್ಲಿ ನಿಲ್ಲುತ್ತದೆ, ಮೂಲೆ ಇರುವುದು 35. ಇಳಿಯುವುದು ಹೇಗೆ? ನುಣ್ಣಗೆ ಉರುಟಾದ ಕಡಲೆಬೀಜ ಅದೇ ಹಾಪರ್‌ನಲ್ಲಿ ಉರುಳಿಕೊಂಡು ಇಳಿದಿತ್ತು. ಹುಚ್ಚೆಳ್ಳು ಹಾಗಲ್ಲ. ಅಂಗೈಯಲ್ಲಿ ಹಾಕಿಕೊಂಡು ನೋಡಿ. ಕಪ್ಪಗೆ, ಸಣ್ಣಗೆ, ಉದ್ದಕ್ಕೆ, ಒಂದು ತುದಿ ಚೂಪು. ಒಂದರ ಪಕ್ಕ ಒಂದು ಕಟ್ಟಿಗೆ ಹೊರೆಯ ಹಾಗೆ ಒರಗಿಕೊಂಡು ನಿಲ್ಲುತ್ತದೆ. ತೇವ ಇದ್ದರಂತೂ ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

ತಗಡಿನ ಗುಣವನ್ನೂ ನೋಡಿದೆವು. ಹಾಪರ್ ಒಳಗೆ ಬಣ್ಣ ಎದ್ದು ತುಕ್ಕು ಬಂದಿತ್ತು. ಅಂಥದೇ ತುಕ್ಕಿನ ತುಂಡೊಂದು, ಮನೆಯ ಸ್ಟೀಲ್ ತಟ್ಟೆ ಒಂದು, ಎರಡರ ಮೇಲೂ ಒಂದು ಹಿಡಿ ಬೀಜ ಹರಡಿ ನಿಧಾನಕ್ಕೆ ಓರೆ ಮಾಡಿದರೆ, ಸ್ಟೀಲಿನ ಮೇಲೆ ಬೇಗ ಜಾರಿತು. ಹಾಸನದ ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಹಾಪರ್ ಮಾಡಿಸಿದೆವು. ಪಕ್ಕ 60 ಡಿಗ್ರಿ, ಆಗ ಮೂಲೆ ಸುಮಾರು 51. ಖರ್ಚು 6,500 ರೂಪಾಯಿ, ಕಾದದ್ದು 9 ದಿನ. ಬ್ಯಾರೆಲ್‌ನ ಪಟ್ಟಿಗಳ ನಡುವೆ ಎಣ್ಣೆ ಸೋರುವ ಸಂದು ಕಡಲೆಬೀಜದ ಅಳತೆಗೆ ಇತ್ತು, ಅದರಲ್ಲೇ ಮಡ್ಡಿ ತೂರಿ ಬರುತ್ತಿದ್ದದ್ದು. ಅದನ್ನೂ ಕಿರಿದು ಮಾಡಿಸಿದೆವು. ಅದಕ್ಕೆ 3,200.

ಬೀಜ ಈಗ ಸಲೀಸಾಗಿ ಇಳಿಯಿತು. ಎಣ್ಣೆ ಮಾತ್ರ ಜಾಸ್ತಿ ಆಗಲಿಲ್ಲ.

ಅದು ತೇವದ ಕಥೆ. ಹುಚ್ಚೆಳ್ಳು ನಾವು ಕೊಂಡದ್ದು ಆಗಸ್ಟ್‌ನಲ್ಲಿ. ಜನವರಿಯಲ್ಲಿ ಒಕ್ಕಿದ ಬೀಜ, ಇಡೀ ಮಳೆಗಾಲ ಗೋಣಿಚೀಲದಲ್ಲಿ ಕೂತು ಗಾಳಿಯ ತೇವ ಕುಡಿದಿತ್ತು. ಕೈಗೆ ಒಣಗಿದ ಹಾಗೇ ಅನ್ನಿಸುತ್ತದೆ. ಆದರೆ ಹಲ್ಲಲ್ಲಿ ಕಚ್ಚಿದರೆ ಕಟ್ ಅನ್ನುವುದಿಲ್ಲ, ಮೆತ್ತಗೆ ಅಮುಕಿಕೊಳ್ಳುತ್ತದೆ. ಒತ್ತಿದಾಗ ಒಡೆಯುವ ಬದಲು ಚಪ್ಪಟೆಯಾಗುವ ಬೀಜದಿಂದ ಎಣ್ಣೆ ಪೂರ್ತಿ ಬರುವುದಿಲ್ಲ. ಮಾರ್ಕೆಟ್ಟಿನ ವ್ಯಾಪಾರಿಗಳು ಮಾತಿಗೆ ಮೊದಲು ಎರಡು ಕಾಳು ಬಾಯಿಗೆ ಹಾಕಿಕೊಳ್ಳುವುದು ಯಾಕೆ ಅಂತ ನನಗೆ ಆವತ್ತು ಅರ್ಥವಾಯಿತು.

ಅಣ್ಣನ ಮಗಳು 10 ಗ್ರಾಂ ಬೀಜ ತಗೊಂಡು ಹೋಗಿ ಒವನ್‌ನಲ್ಲಿ ಒಣಗಿಸಿ ತೂಕ ಹಾಕಿಸಿದಳು. 9.02 ಗ್ರಾಂ ಉಳಿಯಿತು. ಅಂದರೆ ತೇವ ಶೇ. 9.8. ನಮಗೆ ಬೇಕಾಗಿದ್ದದ್ದು 6ರಿಂದ 7. ನಾನು 12,000 ಕೊಟ್ಟು ತೇವ ಅಳೆಯುವ ಒಂದು ಮಾಯಿಶ್ಚರ್ ಮೀಟರ್ ತಂದೆ. ಮನೆಗೆ ಬಂದು ನೋಡಿದರೆ ಅದರಲ್ಲಿ ರಾಗಿ, ಭತ್ತ, ಎಳ್ಳು ಎಲ್ಲ ಇದೆ, ಹುಚ್ಚೆಳ್ಳಿನ ಹೆಸರೇ ಇಲ್ಲ. ಮೀಟರ್ ಬೀಜದ ವಿದ್ಯುತ್ ಗುಣ ನೋಡಿ ತೇವ ಹೇಳುತ್ತದೆ, ಹಾಗಾಗಿ ಒಂದೊಂದು ಬೀಜಕ್ಕೆ ಒಂದೊಂದು ಲೆಕ್ಕ ಬೇಕು. ಒವನ್‌ನ ಅಂಕಿಯ ಜೊತೆ ನಾಲ್ಕು ಸಲ ಹೋಲಿಸಿದ ಮೇಲೆ, ಎಳ್ಳಿನ ಲೆಕ್ಕದಲ್ಲಿ ಇಟ್ಟರೆ ನಮ್ಮ ಮೀಟರ್ ಒಂದೂವರೆ ಕಡಿಮೆ ತೋರಿಸುತ್ತದೆ ಅಂತ ಗೊತ್ತಾಯಿತು. ಈಗ ಗೋಡೆಯ ಮೇಲೆ ಬರೆದಿಟ್ಟಿದ್ದೇನೆ. ನಿಮ್ಮ ಮೀಟರ್‌ಗೆ ಇದೇ ಅಂಕಿ ಹಿಡಿಯಬೇಡಿ, ನೀವೇ ಹೋಲಿಸಿ ನೋಡಿ.

ಮೀಟರ್ ಇಲ್ಲದೆಯೂ ಒಂದು ದಾರಿ ಇದೆ. ಇದನ್ನು ಯಾರಾದರೂ ಮೊದಲೇ ಹೇಳಿಕೊಟ್ಟಿದ್ದರೆ ನನಗೆ 12,000 ಉಳಿಯುತ್ತಿತ್ತು. ಒಂದು ಸಲ ತೇವ ಎಷ್ಟು ಅಂತ ಗೊತ್ತಾದರೆ ಸಾಕು, ಆಮೇಲೆ ತಕ್ಕಡಿಯೇ ಹೇಳುತ್ತದೆ. 9.8ರಿಂದ 6.5ಕ್ಕೆ ಇಳಿಸಬೇಕು ಅಂದರೆ 100 ಕೆಜಿಗೆ 3.3 ಕೆಜಿ ನೀರು ಹೋಗಬೇಕು ಅಂತ ನಾನು ಅಂದುಕೊಂಡಿದ್ದೆ. ಅದು ತಪ್ಪು. ಬೀಜದ ಒಣ ಭಾಗ 90.2 ಕೆಜಿ. ಅದು ಶೇ. 93.5 ಆಗಬೇಕು, ಅಂದರೆ ಒಟ್ಟು ತೂಕ ಸುಮಾರು 96.5 ಕೆಜಿಗೆ ಬರಬೇಕು. ಹೋಗಬೇಕಾದ್ದು 3.5 ಕೆಜಿ. 50 ಕೆಜಿ ಚೀಲ 48.2ಕ್ಕೆ ಬಂದಾಗ ಒಣಗಿಸುವುದು ನಿಲ್ಲಿಸಿ.

ಒಣಗಿಸಲು ಬಿಸಿಲೇ ಇರಲಿಲ್ಲ, ಅದೇ ದೊಡ್ಡ ಕಷ್ಟ. ಸೆಪ್ಟೆಂಬರ್ ಇಡೀ ಸೋನೆ. ಟಾರ್ಪಲ್ ಹಾಸುವುದು, ಹನಿ ಬಿದ್ದರೆ ಬಾಚಿ ಒಳಗೆ ಓಡುವುದು. ಕೊನೆಗೆ ಪಕ್ಕದೂರಿನ ಒಬ್ಬರ ಸೋಲಾರ್ ಡ್ರೈಯರ್ ಮನೆಯಲ್ಲಿ ಬಾಡಿಗೆಗೆ ಹರಡಿದೆವು. ಅಕ್ಟೋಬರ್ ಎರಡನೇ ವಾರ ಅದೇ ಬೀಜ, ಅದೇ ಮೆಷಿನ್‌ನಲ್ಲಿ ಹಾಕಿದಾಗ 100 ಕೆಜಿಗೆ 31 ಕೆಜಿ ಎಣ್ಣೆ ಬಂತು. ಹಿಂಡಿ ತುಂಡು ತುಂಡಾಗಿ ಸದ್ದು ಮಾಡಿಕೊಂಡು ಬಿತ್ತು. ನಾನು ಆ ಹಿಂಡಿ ಕೈಯಲ್ಲಿ ಹಿಡಿದುಕೊಂಡು ಅತ್ತುಬಿಟ್ಟೆ. ಗಂಟೆಗೆ ಬಂದದ್ದು 28 ಕೆಜಿ, 45 ಅಲ್ಲ. ಈಗ ಕಂತಿನ ಲೆಕ್ಕವನ್ನೆಲ್ಲ ಆ 28ರ ಮೇಲೆಯೇ ಹಾಕುತ್ತೇನೆ. ಒಣಗಿದ ಬೀಜದ ರಾಶಿಯನ್ನು ಮತ್ತೆ ಅಳೆದೆವು. ಅದೇ 16 ಸೆಂ.ಮೀ. ಅಗಲಕ್ಕೆ ಎತ್ತರ 5 ಸೆಂ.ಮೀ., 32 ಡಿಗ್ರಿ. ತೇವ ಇಳಿದಾಗ ರಾಶಿಯೂ ತಗ್ಗಿತ್ತು.

ಬೀಜ ತುಂಬಿಡುವ ಡ್ರಮ್ ಕೊಳ್ಳುವಾಗಲೂ ಎಚ್ಚರ ಇರಲಿ. ಒಂದು ಲೀಟರ್ ಪಾತ್ರೆಗೆ ನಮ್ಮ ರಾಗಿ 770 ಗ್ರಾಂ ಹಿಡಿಯುತ್ತದೆ, ಹುಚ್ಚೆಳ್ಳು 590 ಮಾತ್ರ. ರಾಗಿಯ ಲೆಕ್ಕದಲ್ಲಿ ಡ್ರಮ್ ತಂದರೆ ಹುಚ್ಚೆಳ್ಳು ಹೊರಗೇ ಉಳಿಯುತ್ತದೆ. ನಮಗೆ ನಾಲ್ಕು ಡ್ರಮ್ ಕಡಿಮೆ ಬಿತ್ತು.

ರಾಗಿ ಬಂದದ್ದು ಡಿಸೆಂಬರ್‌ನಲ್ಲಿ. ಇದು ಸುಲಭ ಅಂದುಕೊಂಡಿದ್ದೆ. ಮೊದಲ ದಿನವೇ ಒಳ್ಳೆ ರಾಗಿಯೆಲ್ಲ ಹೊಟ್ಟಿನ ಚೀಲಕ್ಕೆ ಹಾರಿ ಹೋಯಿತು. ಕಣದಲ್ಲಿ ತೂರುವಾಗ ಗಾಳಿ ಜೋರಾದರೆ ಏನಾಗುತ್ತದೆ? ಅದೇ. ಹೊಟ್ಟು, ಜೊಳ್ಳು ತೇಲಬೇಕು, ಗಟ್ಟಿ ಕಾಳು ಬೀಳಬೇಕು, ಅಷ್ಟು ಮಾತ್ರ ಗಾಳಿ ಬೇಕು. ಬ್ಲೋವರ್‌ನ ಶಟರ್ ಒಂದೊಂದೇ ಬೆರಳು ಮುಚ್ಚುತ್ತಾ, ಹೊಟ್ಟು ಬರುವ ಕಡೆ ಬಿಳಿ ಬಟ್ಟೆ ಹಿಡಿದು ನೋಡಿದೆವು. ಬಟ್ಟೆಯ ಮೇಲೆ ಗಟ್ಟಿ ಕಾಳು ಬೀಳುವುದು ನಿಂತ ಜಾಗದಲ್ಲಿ ಪೇಂಟ್‌ನಿಂದ ಗೆರೆ ಎಳೆದಿದ್ದೇನೆ.

ಕಲ್ಲಿನದು ಬೇರೆ ಗೋಳು. ರಸ್ತೆಯ ಮೇಲೆ ಹರಡಿ ಗಾಡಿ ಹತ್ತಿಸಿ ಒಕ್ಕಿದ ರಾಗಿಯಲ್ಲಿ ರಾಗಿಯಷ್ಟೇ ದಪ್ಪದ ಕಲ್ಲು ಇರುತ್ತದೆ. ಯಾವ ಜರಡಿಗೂ ಸಿಗುವುದಿಲ್ಲ, ಯಾಕೆಂದರೆ ಜರಡಿ ನೋಡುವುದು ದಪ್ಪವನ್ನು. ಕಲ್ಲು ತೆಗೆಯುವ ಮೆಷಿನ್ ನೋಡುವುದು ಭಾರವನ್ನು. ಕಲ್ಲು ಅದೇ ಗಾತ್ರದ ರಾಗಿಗಿಂತ ಸುಮಾರು ಎರಡು ಪಟ್ಟು ಭಾರ. ಓರೆಯಾಗಿ ಅಲುಗುವ ಜಾಲರಿಯ ಕೆಳಗಿಂದ ಗಾಳಿ ಊದಿದಾಗ ರಾಗಿ ಸ್ವಲ್ಪ ಮೇಲೆದ್ದು ಕೆಳಕ್ಕೆ ಹರಿಯುತ್ತದೆ, ಕಲ್ಲು ಜಾಲರಿಗೆ ಅಂಟಿಕೊಂಡು ಮೇಲಕ್ಕೆ ಹತ್ತುತ್ತದೆ. ನೋಡಲು ವಿಚಿತ್ರ, ಆದರೆ ಕೆಲಸ ಮಾಡುತ್ತದೆ. ಸೋಲುವುದು ಮಣ್ಣಿನ ಉಂಡೆಯ ಮುಂದೆ. ಅದು ಕಲ್ಲಿನಷ್ಟು ಭಾರ ಇಲ್ಲ, ದಪ್ಪವೂ ರಾಗಿಯಷ್ಟೇ. ಹಾಗೇ ಹಿಟ್ಟಿಗೆ ಹೋದರೆ ಮುದ್ದೆ ಕರಕರ ಅನ್ನುತ್ತದೆ. ಅದಕ್ಕೆ ಈಗ ಟಾರ್ಪಲ್ ಮೇಲೆ ಒಕ್ಕಿದ ರಾಗಿಗೆ ಕೆಜಿಗೆ 2 ರೂಪಾಯಿ ಜಾಸ್ತಿ ಕೊಟ್ಟು ಕೊಳ್ಳುತ್ತೇನೆ. ಗಾಡಿಯವರಿಗೂ ಅಪಾಯ ತಪ್ಪುತ್ತದೆ.

ಫೆಬ್ರವರಿಯಲ್ಲಿ ಎಳ್ಳು ಅರೆಯುವಾಗ ಎಲ್ಲ ತಿರುಗುಮುರುಗು. ಬಿಸಿಲಿಗೆ ಬೀಜ ಅತಿಯಾಗಿ ಒಣಗಿ ಶೇ. 4ಕ್ಕೆ ಇಳಿದಿತ್ತು. ಹಿಂಡಿ ಪುಡಿಪುಡಿ, ಬ್ಯಾರೆಲ್ ಮುಟ್ಟಲು ಆಗದಷ್ಟು ಬಿಸಿ, ಎಣ್ಣೆಗೆ ಸೀದ ವಾಸನೆ. ಹಿಂದಿನ ರಾತ್ರಿ 100 ಕೆಜಿಗೆ ಎರಡು ಲೀಟರ್ ನೀರು ಚಿಮುಕಿಸಿ, ಚೆನ್ನಾಗಿ ಕಲೆಸಿ, ಮುಚ್ಚಿಟ್ಟು ಬೆಳಿಗ್ಗೆ ಅರೆದರೆ ಸರಿಹೋಯಿತು. ಅರೆಯುವ ಮುನ್ನಾ ದಿನ ಮಾತ್ರ ಹೀಗೆ ಮಾಡಿ. ತೇವ ಕುಡಿಸಿದ ಬೀಜ ಚೀಲದಲ್ಲಿ ಉಳಿದರೆ ಬೂಸ್ಟು ಹಿಡಿಯುತ್ತದೆ.

ಇನ್ನೊಂದು ವಿಷಯ, ಇದರಲ್ಲಿ ಮುಲಾಜು ಬೇಡ. ‘ಅಕ್ಕಾ, ಎರಡು ಸೇರು ಹರಳು ಇದೆ, ಹಾಕಿಕೊಡಿ’ ಅಂತ ಬರುತ್ತಾರೆ. ನಾನು ಹಾಕುವುದಿಲ್ಲ. ಹರಳಿನ ಹಿಂಡಿ ದನಕ್ಕೆ ವಿಷ. ತಿನ್ನುವ ಎಣ್ಣೆಯ ಮೆಷಿನ್‌ನಲ್ಲಿ ಅದು ಒಂದು ಹಿಡಿಯೂ ಬೀಳಬಾರದು. ಎಷ್ಟು ಹತ್ತಿರದವರಾದರೂ ಇಲ್ಲ ಅಂತಲೇ ಹೇಳುತ್ತೇನೆ.

ಬ್ಯಾಂಕಿನವರು ಬಂದು ನೋಡಿ, ಫೋಟೋ ತೆಗೆದುಕೊಂಡು ಹೋದದ್ದು ಫೆಬ್ರವರಿ ಕೊನೆಯಲ್ಲಿ. ಯೋಜನೆಯಲ್ಲಿ ಇಲ್ಲದೆ ಕೈಯಿಂದ ಹೋದದ್ದು ಹಾಪರ್, ಸಂದು, ಮೀಟರ್, ಡ್ರಮ್, ಡ್ರೈಯರ್ ಬಾಡಿಗೆ, ಹಾಳಾದ ಬೀಜ ಎಲ್ಲ ಸೇರಿ 41,000 ರೂಪಾಯಿ. ನಿಮ್ಮ ಲೆಕ್ಕದಲ್ಲಿ ಇಷ್ಟನ್ನಾದರೂ ಬೇರೆ ಎತ್ತಿಡಿ.

ಮೊನ್ನೆ ಬೇಲೂರು ಕಡೆಯ ಗಂಡ ಹೆಂಡತಿ ಇಬ್ಬರು ಮಿಲ್ಲು ನೋಡಲು ಬಂದಿದ್ದರು. ಸೂರ್ಯಕಾಂತಿ ಅರೆಯಬೇಕಂತೆ, ಕೊಟೇಶನ್ ಕೈಯಲ್ಲೇ ಇತ್ತು. ಸಿಪ್ಪೆ ಸಮೇತ ಅರೆಯುತ್ತೀರಾ, ತೆಗೆದು ಅರೆಯುತ್ತೀರಾ ಅಂತ ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಮುಂಗಡ ಇನ್ನೂ ಕೊಟ್ಟಿಲ್ಲ ಅಂದರು. ಮುಂದಿನ ಭಾನುವಾರ ಅವರ ಹೊಲದ ಬೀಜ 10 ಕೆಜಿ ತರುತ್ತಾರೆ. ತಳ ಇಲ್ಲದ ಡಬ್ಬ ನನ್ನ ಹತ್ತಿರ ಇದೆ.